ನೀಲಗಿರಿ ಪ್ರಬಂಧ ಬರೆಯುತ್ತಿರುವ ಮಗಳಿಗೆ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಪಿಯುಸಿ ಮಗಳು ಸ್ಪರ್ಧೆಗೆ ಅಂತ ‘ಕೋಲಾರದ ಹೊಲಗಳಿಂದ ನೀಲಗಿರಿ ತೆಗೆಯಬೇಕು’ ಅನ್ನೋ ಪ್ರಬಂಧ ಬರೆದಳು, ‘ಬರೀ ಅಭಿಪ್ರಾಯ, ಆಧಾರವೇ ಇಲ್ಲ’ ಅಂತ ಮೇಷ್ಟ್ರು ವಾಪಸ್ ಕೊಟ್ಟರು, ಈಗೇನು ಮಾಡೋದು ಅಂತ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ನೀವು ಫೋಟೋ ತೆಗೆದು ಹಾಕಿದ ನಾಲ್ಕೂ ಪುಟ ಓದಿದೆ. ಹುಡುಗಿಗೆ ಒಳ್ಳೆ ಕೈ ಇದೆ. ಇದನ್ನು ಅವಳಿಗೇ ಓದಲು ಕೊಡಿ.

ನೋಡಮ್ಮ, ನಿನ್ನ ಮೊದಲ ಸಾಲು ‘ನೀಲಗಿರಿ ನಮ್ಮ ನೀರನ್ನೆಲ್ಲ ಕುಡಿದುಬಿಟ್ಟಿತು’ ಅಂತ ಇದೆ. ನೋವು ಅರ್ಥವಾಗುತ್ತೆ. ಆದರೆ ‘ಎಲ್ಲ’ ಅಂದ ತಕ್ಷಣ ಎದುರಿನವರಿಗೆ ಕೆಲಸ ಸುಲಭ. ನೀಲಗಿರಿ ಇದ್ದೂ ನೀರಿರುವ ಒಂದು ಊರು ತೋರಿಸಿದರೆ ಸಾಕು, ನಿನ್ನ ಮಾತು ಬಿದ್ದುಹೋಗುತ್ತೆ. ಹಾಗಾಗಿ ಆಧಾರ ಹುಡುಕೋಕೆ ಮುಂಚೆ ಏನು ಹೇಳಬೇಕು ಅನ್ನೋದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೋ. ಓದುತ್ತಾ ಹೋದ ಹಾಗೆ ಅದು ಬದಲಾಗುತ್ತೆ. ಬದಲಾಗಲಿ.

ಹೇಗೆ ಬದಲಾಗುತ್ತೆ ಅಂತ ಹೇಳುತ್ತೇನೆ. ಇಯಾನ್ ಕಾಲ್ಡರ್ ಅನ್ನೋ ಬ್ರಿಟಿಷ್ ಜಲವಿಜ್ಞಾನಿ ಮತ್ತು ಅವರ ಜೊತೆಯವರು ನಮ್ಮ ರಾಜ್ಯದಲ್ಲೇ ನೀಲಗಿರಿ ಎಷ್ಟು ನೀರು ಎಳೆಯುತ್ತೆ ಅಂತ ಅಳೆದು 1993ರಲ್ಲಿ ಪ್ರಕಟಿಸಿದರು. ಹೊಸಕೋಟೆಯಲ್ಲಿ ಮಣ್ಣು ಆಳ. ಅಲ್ಲಿ ಎಳೆಯ ಮರಗಳು ಬಿದ್ದ ಮಳೆಗಿಂತ ಜಾಸ್ತಿ ನೀರು ಬಳಸಿದ್ದವು. ಅಂದರೆ ಬೇರು ಕೆಳಗಿಳಿದು ಹಳೆಯ ತೇವವನ್ನೂ ಎಳೆದಿತ್ತು. ಇದನ್ನು ಓದಿದರೆ ನಿನಗೆ ಖುಷಿಯಾಗುತ್ತೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಮಣ್ಣು ಅಷ್ಟು ಆಳವಿಲ್ಲದ ಶಿವಮೊಗ್ಗದ ಕಡೆ, ನೀಲಗಿರಿ ಸ್ಥಳೀಯ ಕಾಡಿಗಿಂತ ಜಾಸ್ತಿ ನೀರು ಬಳಸಲಿಲ್ಲ. ರಾಗಿಗೆ ಹೋಲಿಸಿದರೆ ಮಾತ್ರ ಎರಡೂ ಸುಮಾರು ಎರಡು ಪಟ್ಟು ನೀರು ಬಳಸಿದ್ದವು.

ತುಂಬ ಮಕ್ಕಳು ಹೊಸಕೋಟೆಯದ್ದನ್ನು ಮಾತ್ರ ಬರೆದು ಶಿವಮೊಗ್ಗದ್ದನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡ. ಎರಡನ್ನೂ ಬರೆ. ಆಗ ನಿನ್ನ ವಾಕ್ಯ ‘ಮಣ್ಣು ಆಳವಾಗಿದ್ದು, ಅಂತರ್ಜಲ ಈಗಾಗಲೇ ಬತ್ತಿರುವ ಬಯಲುಸೀಮೆಯ ಹೊಲಕ್ಕೆ ನೀಲಗಿರಿ ಸಲ್ಲದು’ ಅಂತ ಆಗುತ್ತೆ. ಮೊದಲಿನದಕ್ಕಿಂತ ಚಿಕ್ಕ ಮಾತು, ಆದರೆ ಅಲ್ಲಾಡಿಸೋದು ಕಷ್ಟ.

ಇನ್ನು ಒಂದೊಂದು ಆಧಾರ ಎಷ್ಟು ದೂರ ಬರುತ್ತೆ ಅಂತ ನೋಡಬೇಕು. ಕೇಂದ್ರ ಅಂತರ್ಜಲ ಮಂಡಳಿ ತಾಲ್ಲೂಕುವಾರು ಲೆಕ್ಕ ಕೊಡುತ್ತೆ. ವರ್ಷಕ್ಕೆ ಇಂಗುವ ನೀರಲ್ಲಿ ಬಳಸಬಹುದಾದಷ್ಟಕ್ಕಿಂತ ಜಾಸ್ತಿ ಎತ್ತುವ ತಾಲ್ಲೂಕನ್ನು ಅತಿಬಳಕೆ ಅಂತ ಗುರುತಿಸುತ್ತಾರೆ. ಕೋಲಾರ ಆ ಪಟ್ಟಿಯಲ್ಲಿದೆ. ಇದು ನೀರಿಲ್ಲ ಅನ್ನೋದಕ್ಕೆ ಸಾಕ್ಷಿ, ಮರದಿಂದಲೇ ನೀರು ಹೋಯಿತು ಅನ್ನೋದಕ್ಕಲ್ಲ. ಬೋರ್‌ವೆಲ್‌ಗಳೂ ನೀರು ಎತ್ತಿವೆ ಅಲ್ವಾ? ಅದನ್ನು ನೀನೇ ಬರೆದುಬಿಡು. ಹಾಗೆಯೇ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಅದರಿಂದ ಸರ್ಕಾರ ಏನು ತೀರ್ಮಾನ ಮಾಡಿತು ಅಂತ ಗೊತ್ತಾಗುತ್ತೆ, ಮರ ಎಷ್ಟು ನೀರು ಕುಡಿಯುತ್ತೆ ಅಂತ ಗೊತ್ತಾಗಲ್ಲ.

‘ಒಂದು ಮರ ದಿನಕ್ಕೆ ಇಷ್ಟು ಲೀಟರ್’ ಅಂತ ನೀನು ಬರೆದ ಅಂಕಿ ವಾಟ್ಸಾಪಿನಲ್ಲಿ ಓಡಾಡುತ್ತಿರುವುದು. ಮರದ ವಯಸ್ಸು, ಮಣ್ಣು, ಕಾಲ ನೋಡಿಕೊಂಡು ಅದು ಬದಲಾಗುತ್ತೆ. ಯಾರು, ಎಲ್ಲಿ ಅಳೆದರು ಅಂತ ಇಲ್ಲದಿದ್ದರೆ ತೆಗೆದುಹಾಕು. ಟಿಪ್ಪು ಕಾಲದಲ್ಲಿ ನಂದಿಬೆಟ್ಟಕ್ಕೆ ಈ ಮರ ಬಂದ ಕಥೆಯನ್ನೂ ಬಿಡು. ಓದೋಕೆ ಚೆನ್ನಾಗಿದೆ, ಆದರೆ ನಿನ್ನ ವಾದಕ್ಕೆ ಅದರಿಂದ ಏನೂ ಸಿಗೋದಿಲ್ಲ.

ನೆಟ್ಟವರ ಕಡೆಯ ಮಾತು ನಿನ್ನ ಪ್ರಬಂಧದಲ್ಲಿ ಒಂದು ಸಾಲೂ ಇಲ್ಲ. ಕೂಲಿಯಾಳು ಸಿಗಲ್ಲ, ದನ ಮೇಯಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ, ಕೆಲವು ವರ್ಷಕ್ಕೊಮ್ಮೆ ಒಟ್ಟಿಗೆ ದುಡ್ಡು ಬರುತ್ತೆ. ಅವರು ಸುಮ್ನೆ ನೆಟ್ಟಿಲ್ಲ. ಅಂಥವರೊಬ್ಬರ ಹತ್ತಿರ ಕೂತು ಮಾತಾಡು. ಅವರಿಗೆ ಉತ್ತರ ಕೊಡೋಕೆ ಆಗದಿದ್ದರೆ ‘ತೆಗೆಯಬೇಕು’ ಅಂತ ಕೇಳೋ ಹಕ್ಕು ನಮಗೆ ಬರೋದಿಲ್ಲ.

ಬರೆಯುವಾಗ ಓದಿದ ಪುಟ ಮುಚ್ಚಿಟ್ಟು ನಿನ್ನ ಮಾತಲ್ಲೇ ಬರೆ, ಆಮೇಲೆ ತೆರೆದು ಅಂಕಿ ಸರಿ ಇದೆಯಾ ನೋಡು. ಯಾರು ಹೇಳಿದ್ದು, ಯಾವ ವರ್ಷ ಅನ್ನೋದು ವಾಕ್ಯದ ಒಳಗೇ ಬರಲಿ. ‘ತಜ್ಞರ ಪ್ರಕಾರ’ ಅಂತ ಬರೆಯಬೇಡ.

ಕೊನೆಯದಾಗಿ, ಮೂರನೇ ಪುಟದಲ್ಲಿ ತಾತ ಕಪಿಲೆ ಹೊಡೆಯುತ್ತಿದ್ದ, ಅಂದರೆ ಎತ್ತು ಕಟ್ಟಿ ನೀರೆತ್ತುತ್ತಿದ್ದ, ಬಾವಿಯ ಬಗ್ಗೆ ಎರಡು ಸಾಲು ಇದೆ. ಅದನ್ನು ಮೊದಲ ಪುಟಕ್ಕೆ ತಾ. ಬಾವಿ ಯಾವ ವರ್ಷ ಬತ್ತಿತು, ಪಕ್ಕದ ಹೊಲಕ್ಕೆ ನೀಲಗಿರಿ ಯಾವಾಗ ಬಂತು, ಮೊದಲ ಬೋರ್ ಯಾವಾಗ ಕೊರೆಸಿದರು ಅಂತ ಊರಿನ ಮೂರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳು. ಹೆಸರು, ವಯಸ್ಸು, ಕೇಳಿದ ತಾರೀಕು ಬರೆದುಕೋ. ಮರ ಬರೋಕೆ ಮುಂಚೆಯೇ ಬಾವಿ ಬತ್ತಿದ್ದರೆ ಅದನ್ನೂ ಹಾಗೇ ಬರೆ.

ಅಣ್ಣಾ, ಹೊಸ ಮೊದಲ ಪುಟ ತಯಾರಾದಾಗ ಇಲ್ಲೇ ಹಾಕಿ. ನಾನು ಓದಿ ಹೇಳುತ್ತೇನೆ.