ಜನ ಕಾನೂನು ಕೈಗೆ ತಗೊಳ್ಳೋದು ಪೊಲೀಸರ ಮೇಲೆ ನಂಬಿಕೆ ಇಲ್ಲ ಅಂತಲೇನಾ?

ಪೊಲೀಸರು, ಕೋರ್ಟು ತಡ ಮಾಡುವುದರಿಂದಲೇ ಜನ ಕಾನೂನು ಕೈಗೆ ತಗೊಳ್ಳುತ್ತಾರೆ, ಹಾಗಾದರೂ ಕಳ್ಳಕಾಕರಿಗೆ ಒಂದಿಷ್ಟು ಹೆದರಿಕೆ ಹುಟ್ಟುತ್ತದಲ್ಲ ಎಂದು ಕೇಳಿದ್ದೀರಿ. ನಾನು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಒಂದು ಕನ್ನಡ ಹಳ್ಳಿಯ ಪೊಲೀಸ್ ಪಾಟೀಲ. ಮಹಾರಾಷ್ಟ್ರದ ಹೊರಗಿನವರಿಗೆ ಈ ಹುದ್ದೆ ಗೊತ್ತಿರಲಿಕ್ಕಿಲ್ಲ. 1967ರ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಊರಿನವರಲ್ಲೇ ಒಬ್ಬರನ್ನು ನೇಮಿಸುತ್ತಾರೆ. ಪಗಾರ ಅಲ್ಲ, ಮಾನಧನ, ಅಂದರೆ ಗೌರವಧನ. ಊರಲ್ಲಿ ಏನಾದರೂ ಆದರೆ ಠಾಣೆಗೆ ಮೊದಲು ತಿಳಿಸಬೇಕಾದವನು ನಾನು. ಲಾಠಿ ಇಲ್ಲ, ಖಾಕಿ ಇಲ್ಲ, ಇರುವುದು ಒಂದು ಫೋನು.

ನಿಮ್ಮ ಮಾತು ಕೆಲವು ಪ್ರಕರಣಗಳಿಗೆ ಸರಿ ಹೊಂದುತ್ತದೆ. 2004ರ ಆಗಸ್ಟ್ 13ರಂದು ನಾಗಪುರದ ಕೋರ್ಟಿನೊಳಗೇ ಕಸ್ತೂರಬಾ ನಗರದ ಹೆಂಗಸರು ಅಕ್ಕು ಯಾದವ್ ಎಂಬ ಗೂಂಡಾನನ್ನು ಕೊಂದರು. ವರ್ಷಗಟ್ಟಲೆ ಅವನ ಅತ್ಯಾಚಾರ, ಸುಲಿಗೆ ಸಹಿಸಿದ್ದ ಓಣಿ ಅದು; ದೂರು ಕೊಟ್ಟರೂ ಪೊಲೀಸರು ಕಿವಿಗೆ ಹಾಕಿಕೊಂಡಿರಲಿಲ್ಲ. ಆ ಹೆಂಗಸರನ್ನು ಬೈಯಲು ನನಗೂ ಬಾಯಿ ಬರುವುದಿಲ್ಲ.

ಆದರೆ ನಮ್ಮ ಕಡೆ ನಡೆದದ್ದು ಇದಲ್ಲ. ನಮ್ಮದೇ ತಾಲೂಕಿನ ಲವಂಗಾದಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ, ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳು ಒಬ್ಬ ಹುಡುಗನಿಗೆ ದಾರಿ ಕೇಳಿದರು. ಅಷ್ಟಕ್ಕೇ ಮಕ್ಕಳ ಕಳ್ಳರೆಂದು ವಾಹನದಿಂದ ಎಳೆದು ಬಡಿಗೆ, ಬೆಲ್ಟು ತಗೊಂಡು ಹೊಡೆದರು. ಜೀವ ಉಳಿಯಿತು. ಬೀದರ ಜಿಲ್ಲೆಯ ಮುರ್ಕಿಯಲ್ಲಿ ಅದೂ ಉಳಿಯಲಿಲ್ಲ. 2018ರ ಜುಲೈ 13ರಂದು ಹೈದರಾಬಾದ್ ಕಡೆಯ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅವರ ಕಾರಿಗಿಂತ ಮೊದಲು ವಾಟ್ಸ್‌ಆ್ಯಪ್ ಸುದ್ದಿ ಮುಂದಿನ ಊರು ಮುಟ್ಟಿತ್ತು, ಅಲ್ಲಿ ರಸ್ತೆ ಕಟ್ಟಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅದೇ ತಿಂಗಳ 1ನೇ ತಾರೀಖು ಧುಳೆ ಜಿಲ್ಲೆಯ ರಾಯಿನಪಾಡಾದ ಸಂತೆಯಲ್ಲಿ, ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಡವರಿ ಗೋಸಾವಿ ಸಮುದಾಯದ ಐವರನ್ನು ಪಂಚಾಯಿತಿ ಕಚೇರಿಯಲ್ಲಿ ಕೂಡಿಹಾಕಿ ಹೊಡೆದು ಕೊಂದರು. ಅವರು ನಮ್ಮ ಪಕ್ಕದ ಮಂಗಳವೇಢಾ ಕಡೆಯವರು.

ಈ ಮೂರೂ ಕಡೆ ಯಾವ ಮಗುವೂ ಕಳೆದಿರಲಿಲ್ಲ. ದೂರು ಕೊಟ್ಟು, ಅಲೆದು, ಸಾಕಾಗಿ ಕೈ ಎತ್ತಿದವರು ಯಾರೂ ಇಲ್ಲ. ದೂರು ಕೊಡುವಂಥದ್ದೇ ನಡೆದಿರಲಿಲ್ಲ. ಹಾಗಿದ್ದ ಮೇಲೆ ಕೋರ್ಟಿನ ತಡ ಇಲ್ಲಿ ಎಲ್ಲಿಂದ ಬಂತು?

ನನಗೆ ಕಾಣುವ ಕಾರಣ ಹಳೆಯದು. ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ ಅಲೆಮಾರಿ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸತೊಡಗಿದರು. ಸೊಲ್ಲಾಪುರದಲ್ಲೇ ತಂತಿಬೇಲಿಯ ಸೆಟ್ಲಮೆಂಟ್ ಇತ್ತು, ಒಳಗಿದ್ದವರು ದಿನಾ ಹಾಜರಿ ಕೊಡಬೇಕಿತ್ತು. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಮಂದಿಯ ಬಾಯಲ್ಲಿ ಇನ್ನೂ ರದ್ದಾಗಿಲ್ಲ. ಊರ ಹೊರಗೆ ಅಲೆಮಾರಿಗಳ ಪಾಲ (ಗುಡಾರ) ಬಿದ್ದರೆ 'ಕೋಳಿ ಎಣಿಸಿ ಇಡ್ರಿ' ಅನ್ನುವವರು ಈಗಲೂ ಇದ್ದಾರೆ. ವಾಟ್ಸ್‌ಆ್ಯಪ್ ಸುದ್ದಿ ಬೀಳುವುದು ಈ ಹದ ಮಾಡಿದ ಹೊಲದಲ್ಲಿ. 2018ರ ಜುಲೈನಲ್ಲೇ ಕಂಪನಿಯವರು ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಲೇ ಕಳಿಸದಂತೆ ಮಿತಿ ಹಾಕಿದರು. ಸುದ್ದಿಯ ಓಟ ತಗ್ಗಿರಬಹುದು, ಸಂಶಯ ತಗ್ಗಲಿಲ್ಲ. ಲವಂಗಾ ಆದದ್ದು ನಾಲ್ಕು ವರ್ಷದ ಮೇಲೆ.

ಇನ್ನೊಂದು, ಗುಂಪಿನಲ್ಲಿ ನಿಂತವನಿಗೆ ತನ್ನ ಹೆಸರು ಬರುವುದಿಲ್ಲ ಎಂಬ ಧೈರ್ಯ. ನಮ್ಮೂರಿಗೂ ಒಮ್ಮೆ ಚಾದರ ಮಾರುವ ಇಬ್ಬರು ಬಂದಾಗ ಮಕ್ಕಳ ಕಳ್ಳರೆಂದು ಗುಲ್ಲೆದ್ದಿತ್ತು. ರಾಯಿನಪಾಡಾ ಗೊತ್ತಿದ್ದರಿಂದ ಪಂಚಾಯಿತಿಗೆ ಒಯ್ಯಲಿಲ್ಲ, ನಮ್ಮ ಪಡಸಾಲೆಯಲ್ಲಿ ಕೂಡಿಸಿ ಠಾಣೆಗೆ ಫೋನ್ ಮಾಡಿದೆ. ಬಾಗಿಲಲ್ಲಿ ಹುಡುಗರು ಮುತ್ತಿದರು.

'ಕಾಕಾ, ಅವರ್ನ ಹೊರಗ ಬಿಡ್ರಿ, ನಾವ್ ವಿಚಾರಸ್ತೀವಿ.'

'ಯಾರಪ್ಪಾ ನೀ, ಬಸಪ್ಪನ ಮಗಾ ಅಲ್ಲೇನು? ಬಾ, ಒಳಗ ಬಂದು ಚಾ ಕುಡಿ.'

ಒಬ್ಬೊಬ್ಬರನ್ನೇ ಅಪ್ಪನ ಹೆಸರು ಹಿಡಿದು ಕರೆದೆ. ಗುಂಪು ಸಡಿಲಾಯಿತು. ಚಾದರ ಮಾರುವವರ ಕೈಯಲ್ಲೂ ಚಹಾದ ಕಪ್-ಬಸಿ ಇತ್ತು. ಎದುರಿಗೆ ಚಹಾ ಕುಡಿಯುತ್ತಿರುವವನ ಮೇಲೆ ಕೈ ಮಾಡುವುದು ಸುಲಭವಲ್ಲ. ಎಲ್ಲಾ ಕಡೆ ಇದು ನಡೆಯುತ್ತದೆ ಎನ್ನಲಾರೆ. ನೂರು ಮಂದಿ ಸೇರಿದ್ದರೆ ನನ್ನ ಬಾಗಿಲೂ ಉಳಿಯುತ್ತಿರಲಿಲ್ಲ.

ಹೆದರಿಕೆ ಹುಟ್ಟುತ್ತದೆ ಎಂದಿರಿ. ಹುಟ್ಟುವುದು ನಿಜ, ಆದರೆ ಕಳ್ಳನಿಗಲ್ಲ. ಅವನು ರಾತ್ರಿ ಬರುತ್ತಾನೆ, ಗಾಡಿ ತಂದಿರುತ್ತಾನೆ. ಹೆದರುವವರು ಹಗಲಲ್ಲಿ ನಡೆದು ಬರುವ ಗೊಂದಲಿಗರು, ಬಹುರೂಪಿಗಳು, ಸೂಜಿ ಪಿನ್ನು ಮಾರುವ ಹೆಂಗಸರು. ಹೊಡೆದ ಊರಿನ ಪಾಡೂ ನೆಟ್ಟಗಿರುವುದಿಲ್ಲ. ಗಂಡಸರು ಊರು ಬಿಟ್ಟು ಓಡುತ್ತಾರೆ, ಬಿತ್ತನೆ ನಿಲ್ಲುತ್ತದೆ, ಹೊಡೆಯದೆ ಬರೀ ನಿಂತು ನೋಡಿದವನೂ ವಿಡಿಯೋದಲ್ಲಿ ಸಿಕ್ಕಿ ವಕೀಲರಿಗೆ ಹೊಲ ಅಡವು ಇಡುತ್ತಾನೆ. ಕೇಸು ಮಾತ್ರ ಗಟ್ಟಿಯಾಗುವುದಿಲ್ಲ, ಸಾಕ್ಷಿ ಹೇಳಬೇಕಾದವರೆಲ್ಲ ಬೀಗರು, ಅಣ್ಣತಮ್ಮಂದಿರು. ನಾಗಪುರದ ಪ್ರಕರಣದಲ್ಲೂ 2014ರಲ್ಲಿ ಸಾಕ್ಷ್ಯವಿಲ್ಲದೆ ಎಲ್ಲರೂ ಬಿಡುಗಡೆಯಾದರು.

ಇದೇ ಕೆಲಸವನ್ನು ಖಾಕಿ ಹಾಕಿದವರು ಮಾಡಿದರೆ ನಾವು ಹೂವು ಎರಚುತ್ತೇವೆ. 2019ರ ಡಿಸೆಂಬರ್ 6ರಂದು, ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದ ಹೈದರಾಬಾದ್ ಎನ್‌ಕೌಂಟರ್ ನೆನಪಿರಬಹುದು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ ಪೊಲೀಸರು ಬೇಕೆಂದೇ ಗುಂಡು ಹಾರಿಸಿದರು ಎಂದಿತು, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರೆಂದೂ ಹೇಳಿತು. ಆ ವರದಿ ಹೊರಬಂದ 2022ರಲ್ಲಿ ಯಾರೂ ಹೂವು ತಂದಿರಲಿಲ್ಲ.

ಕಳ್ಳ ಕಣ್ಣೆದುರೇ ಸಿಕ್ಕರೆ ಏನು ಮಾಡಬೇಕು? ಹಿಡಿಯಿರಿ, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ಜಾಮೀನಿಲ್ಲದ ಗಂಭೀರ ಅಪರಾಧವನ್ನು ನಿಮ್ಮ ಮುಂದೆಯೇ ಮಾಡಿದವನನ್ನು ನೀವು ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. 'ಮುಂದೆಯೇ' ಎಂಬುದನ್ನು ಗಮನಿಸಿ. ಫೋನಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. 112ಕ್ಕೆ ಕರೆ ಮಾಡುವಾಗ ಎಷ್ಟು ಮಂದಿ ಸೇರಿದ್ದಾರೆ ಅನ್ನುವುದನ್ನು ಮೊದಲು ಹೇಳಿ, ಇಲ್ಲವಾದರೆ ಇಬ್ಬರೇ ಪೇದೆಗಳು ಬರುತ್ತಾರೆ.