ಕೂದಲಿನ ಬಣ್ಣ: ಬೈತಲೆಯ ಬಿಳಿಗೆರೆಗೆ ಹೆದರಬೇಕಾಗಿಲ್ಲ

ಪ್ರಶ್ನೆ: ನನಗೆ 46 ವರ್ಷ. ಡೊಂಬಿವಲಿಯಿಂದ ದಿನವೂ ಫೋರ್ಟ್‌ನ ಬ್ಯಾಂಕಿಗೆ ಹೋಗಿಬರುತ್ತೇನೆ. ಮೊದಲು ಮದರಂಗಿ ಹಚ್ಚುತ್ತಿದ್ದೆ. ಹತ್ತು ವರ್ಷಗಳಿಂದ ಪಾರ್ಲರಿನಲ್ಲಿ ಕಪ್ಪು ಬಣ್ಣ ಹಾಕಿಸಿಕೊಳ್ಳುತ್ತಿದ್ದೇನೆ. ನಡುವೆ ಪುರುಸೊತ್ತು ಸಿಗದಿದ್ದಾಗ ಅಂಗಡಿಯ ಕಪ್ಪು ಮೆಹೆಂದಿಯನ್ನೂ ಬಳಸುವುದುಂಟು. ಮೂರು ವಾರ ತುಂಬುವಷ್ಟರಲ್ಲಿ ಬೈತಲೆಯಲ್ಲಿ ಬಿಳಿಗೆರೆ ಮೂಡುತ್ತದೆ. ಬಣ್ಣ ಹಾಕಿಸಿದ ಮರುದಿನವೋ ವಿಗ್ ಇಟ್ಟುಕೊಂಡಂತೆ ಕಾಣುತ್ತದೆ ಎಂದು ಮಗಳು ಹೇಳುತ್ತಾಳೆ. ಪೂರ್ತಿ ನರೆ ಬಿಡಲು ಮನಸ್ಸಿಲ್ಲ. ವರ್ಷಕ್ಕೆ ನಾಲ್ಕೈದು ಬಾರಿ ಹೋದರೆ ಸಾಕಾಗುವಂಥ, ಸಹಜವಾಗಿ ಕಾಣುವಂಥ ಬಣ್ಣ ಇದೆಯೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ಗಮನಿಸಿದ್ದಾಳೆ. ಯಾರ ತಲೆಗೂದಲೂ ಬುಡದಿಂದ ತುದಿಯವರೆಗೆ ಒಂದೇ ಬಣ್ಣದ್ದಾಗಿರುವುದಿಲ್ಲ. ಬಿಸಿಲು ಬೀಳುವ ಹಣೆಯ ಪಕ್ಕದ ಎಳೆಗಳೂ ತುದಿಗಳೂ ತುಸು ತಿಳಿಯಾಗಿರುತ್ತವೆ, ಕತ್ತಿನ ಹಿಂದಿನ ಕೂದಲು ಗಾಢವಾಗಿರುತ್ತದೆ. ನಾವು ಅಚ್ಚಕಪ್ಪು ಎಂದುಕೊಳ್ಳುವ ಕೂದಲನ್ನು ರೈಲಿನ ಕಿಟಕಿಯ ಬೆಳಕಿಗೆ ಹಿಡಿದರೆ ಅದರಲ್ಲಿಯೂ ಕಂದು ಕಾಣುತ್ತದೆ. ಈ ಏರಿಳಿತವನ್ನೆಲ್ಲ ಒಂದೇ ಕಪ್ಪು ಬಳಿದು ಮುಚ್ಚಿದಾಗ ವಿಗ್ಗಿನ ಕಳೆ ಬರುತ್ತದೆ. ಬಿಳಿಗೆರೆಯ ಕಾರಣವೂ ಇದೇ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಮೂರು ವಾರಕ್ಕೆ ಹೆಚ್ಚೆಂದರೆ ಒಂದು ಅಕ್ಕಿಕಾಳಿನ ಉದ್ದದಷ್ಟು ನರೆ ಹೊರಬಂದಿರುತ್ತದೆ. ಕಪ್ಪಿನ ಪಕ್ಕದಲ್ಲಿ ಅಷ್ಟು ಬಿಳುಪು ಸೀಮೆಸುಣ್ಣದ ಗೆರೆಯಂತೆ ಎದ್ದು ಕಾಣುತ್ತದೆ, ತಿಳಿ ಎಳೆಗಳು ಬೆರೆತ ಕಂದಿನ ಪಕ್ಕದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ನರೆಯನ್ನು ಮುಚ್ಚುವ ಪ್ರಯತ್ನ ಬಿಟ್ಟು ಅದನ್ನು ಉಳಿದ ಕೂದಲಿನೊಂದಿಗೆ ಬೆರೆಸುವ ದಾರಿಯನ್ನು ಹಿಡಿಯಿರಿ ಎಂಬುದು ನನ್ನ ಸಲಹೆ.

ಪಾರ್ಲರಿನಲ್ಲಿ ಹೀಗೆ ಕೇಳಿ. ಶೇಡ್ ಕಾರ್ಡಿನಲ್ಲಿ 1 ಎಂದರೆ ಕಪ್ಪು, 10 ಎಂದರೆ ತೀರ ತಿಳಿಯಾದ ಹೊಂಬಣ್ಣ. ನಮ್ಮವರ ಹುಟ್ಟುಗೂದಲು ಸಾಮಾನ್ಯವಾಗಿ 1ರಿಂದ 3ರೊಳಗೆ ಇರುತ್ತದೆ. ನೀವು 4 ಅಥವಾ 5ರ ಕಂದನ್ನು ಆರಿಸಿಕೊಳ್ಳಿ, ಅದರಲ್ಲಿಯೂ ಕೆಂಪು ಅಥವಾ ತಾಮ್ರದ ಛಾಯೆ ಇಲ್ಲದ್ದನ್ನು. ಏಕೆಂದರೆ ನಮ್ಮ ಕೂದಲಿನಲ್ಲಿ ಕೆಂಪು ಈಗಾಗಲೇ ಅಡಗಿರುತ್ತದೆ, ಮೇಲಿನಿಂದ ಮತ್ತಷ್ಟು ಬೇಡ. ಜೊತೆಗೆ ಡೆಮಿ ಪರ್ಮನೆಂಟ್ ಬಣ್ಣ ಬೇಕೆಂದು ಹೇಳಿ. ಪರ್ಮನೆಂಟ್ ಬಣ್ಣ ಕೂದಲಿನ ಒಳಪದರದಲ್ಲಿ ನೆಲೆಯಾಗಿ, ಬೆಳೆದು ಕತ್ತರಿಸುವವರೆಗೂ ಉಳಿಯುವುದರಿಂದ ಹೊಸ ಕೂದಲಿಗೂ ಹಳೆಯದಕ್ಕೂ ನಡುವೆ ಗಡಿ ಬೀಳುತ್ತದೆ. ಡೆಮಿಯಲ್ಲಿ, ಬಣ್ಣ ಕೂದಲಿನೊಳಗೆ ನೆಲೆಯಾಗುವಂತೆ ಮಾಡುವ ಪೆರಾಕ್ಸೈಡ್ ಎಂಬ ರಾಸಾಯನಿಕ ಕಡಿಮೆ. ಅದು ಸುಮಾರು 20ರಿಂದ 24 ಬಾರಿ ತಲೆಸ್ನಾನ ಮಾಡುವಷ್ಟರಲ್ಲಿ ಮೆಲ್ಲಗೆ ಮಸುಕಾಗುತ್ತದೆ, ಗಡಿಯೂ ಅದರೊಂದಿಗೆ ಕರಗುತ್ತದೆ. ನರೆ ಪೂರ್ತಿ ಮರೆಯಾಗುವುದಿಲ್ಲ ನಿಜ, ಆದರೆ ಅದು ತೆಳುವಾಗಿ ಬಣ್ಣ ಹೀರಿಕೊಂಡು ಹೈಲೈಟ್ ಮಾಡಿಸಿದ ಎಳೆಯಂತೆ ಕಾಣುತ್ತದೆ. ಮುಂಬೈಯ ಬಹುಪಾಲು ಸಲೂನುಗಳಲ್ಲಿ ಮಾತುಕತೆ ಹಿಂದಿಯಲ್ಲೇ ಆಗುವುದರಿಂದ ‘ಸಫೇದ್ ಬಾಲ್ ಛುಪಾನಾ ನಹೀ, ಬ್ಲೆಂಡ್ ಕರ್ನಾ ಹೈ’ (ನರೆಯನ್ನು ಮುಚ್ಚುವುದಲ್ಲ, ಬೆರೆಸಬೇಕು) ಎಂಬ ಒಂದು ವಾಕ್ಯವನ್ನು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಿ. ಏನೂ ಹೇಳದಿದ್ದರೆ ರೂಢಿಯಂತೆ ಕಪ್ಪೇ ಕಲಸುತ್ತಾರೆ.

ಇನ್ನು ಹತ್ತು ವರ್ಷಗಳ ಹಳೆಯ ಕಪ್ಪಿನ ಮಾತು. ಅದರ ಮೇಲೆ ಕಂದು ಬಣ್ಣ ಹಾಕಿದರೆ ಕಂದಾಗುವುದಿಲ್ಲ. ಹಾಕಿದ ಬಣ್ಣವನ್ನು ಇನ್ನೊಂದು ಬಣ್ಣ ತಿಳಿಯಾಗಿಸಲಾರದು, ಅದಕ್ಕೆ ಬ್ಲೀಚ್ ಬೇಕಾಗುತ್ತದೆ. ಬ್ಲೀಚ್ ಬಿದ್ದ ಕಪ್ಪು ಮೊದಲು ಕೆಂಪಾಗಿ, ಬಳಿಕ ಕಿತ್ತಳೆಯಾಗಿ, ಕೊನೆಗೆ ಹಳದಿಯಾಗುತ್ತದೆ. ಆ ಕಿತ್ತಳೆಯನ್ನು ಅಡಗಿಸಲು ಟೋನರ್ ಹಾಕಿದರೂ ಆರರಿಂದ ಎಂಟು ವಾರಗಳಲ್ಲಿ ಅದು ತೊಳೆದುಹೋಗುವುದರಿಂದ, ಓಡಾಟ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಓಡಾಟವನ್ನು ತಲೆಗೆ ಕಟ್ಟಿಕೊಂಡಂತಾಗುತ್ತದೆ. ಹಾಗಾಗಿ ಇಡೀ ತಲೆಗೆ ಬ್ಲೀಚ್ ಮಾಡಿಸಿಕೊಳ್ಳಬೇಡಿ. ಮುಂದಿನ ಬಾರಿಯಿಂದ ಬುಡಕ್ಕೆ ಮಾತ್ರ ಕಂದು ಡೆಮಿ ಹಾಕಿಸಿ, ಕೆಳಗಿನ ಕಪ್ಪನ್ನು ಮುಟ್ಟದೆ, ಎರಡು ಮೂರು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತ ಬನ್ನಿ. ವರ್ಷಕ್ಕೆ ಹೆಚ್ಚುಕಡಿಮೆ 15 ಸೆಂಟಿಮೀಟರ್ ಹೊಸ ಕೂದಲು ಬರುವುದರಿಂದ, ಭುಜದ ಉದ್ದದ ಕೂದಲಾದರೆ ಎರಡು ವರ್ಷದೊಳಗೆ ಹಳೆಯ ಕಪ್ಪು ಮುಗಿಯುತ್ತದೆ. ಅಷ್ಟರವರೆಗೆ ಮೇಲಿನ ಕಂದಿಗೂ ಕೆಳಗಿನ ಕಪ್ಪಿಗೂ ನಡುವಿನ ವ್ಯತ್ಯಾಸ ಕಾಣದಿರಲೆಂದು ಬೈತಲೆಯ ಇಕ್ಕೆಲದಲ್ಲಿಯೂ ಕಿವಿಯ ಮೇಲ್ಭಾಗದಲ್ಲಿಯೂ ದಾರದಷ್ಟು ಸಪೂರವಾದ ಕೆಲವೇ ಎಳೆಗಳನ್ನು ತಿಳಿಯಾಗಿಸಬಹುದು. ಇವನ್ನು ಬೇಬಿಲೈಟ್ಸ್ ಎನ್ನುತ್ತಾರೆ.

ಆದರೆ ಆ ಎಳೆಗಳಿಗೆ ಕೈ ಹಾಕುವ ಮೊದಲು ಕಪ್ಪು ಮೆಹೆಂದಿಯ ವಿಷಯವನ್ನು ಮುಚ್ಚಿಡದೆ ತಿಳಿಸಿ. ಬರಿಯ ಮದರಂಗಿ ಸೊಪ್ಪು ಕೆಂಗಂದು ಬಣ್ಣವನ್ನಷ್ಟೇ ಕೊಡುತ್ತದೆ. ಅಂಗಡಿಯ ಪುಡಿ ಕಪ್ಪು ಮಾಡುತ್ತದೆಂದರೆ ಅದರಲ್ಲಿ ಬೇರೇನೋ ಸೇರಿದೆ ಎಂದೇ ಅರ್ಥ. ಅದು ಪಿಪಿಡಿ ಎಂಬ ರಾಸಾಯನಿಕ ಇರಬಹುದು, ಲೋಹದ ಲವಣವೂ ಇರಬಹುದು. ಕೆಲವು ವರ್ಷಗಳ ಹಿಂದೆ ಮಾಟುಂಗದ ನನ್ನ ಪಾರ್ಲರಿಗೆ ಬಂದ ಒಬ್ಬರು ಇಂಥ ಪುಡಿ ಹಚ್ಚಿದ್ದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಳೆಗಳಿಗೆ ಬ್ಲೀಚ್ ಹಚ್ಚಿ ಫಾಯಿಲ್ ಮಡಚಿ ಐದು ನಿಮಿಷವಾಗಿರಲಿಲ್ಲ, ಬೆರಳಿಗೆ ಸುಡುವಷ್ಟು ಬಿಸಿ ತಾಗಿತು. ಕೂಡಲೇ ತೊಳೆದರೂ ಆ ಎಳೆಗಳು ನೆನೆದ ಶಾವಿಗೆಯಂತೆ ಜಗ್ಗಿ ತುಂಡಾದವು. ಲೋಹದ ಲವಣಕ್ಕೆ ಬ್ಲೀಚಿನಲ್ಲಿರುವ ಪೆರಾಕ್ಸೈಡ್ ತಗುಲಿದರೆ ಆಗುವುದು ಹೀಗೆಯೇ. ಆ ದಿನದಿಂದ ನಾನು ಯಾರಿಗೇ ಆಗಲಿ ಕತ್ತಿನ ಹಿಂದಿನಿಂದ ಒಂದು ಸಣ್ಣ ಎಳೆ ಕತ್ತರಿಸಿ, ಗಾಜಿನ ಬಟ್ಟಲಲ್ಲಿ ಬ್ಲೀಚಿನೊಂದಿಗೆ ಇಟ್ಟು ನೋಡದೆ ಮುಂದುವರಿಯುವುದಿಲ್ಲ. ನಿಮ್ಮ ಪಾರ್ಲರಿನಲ್ಲಿಯೂ ಹಾಗೆ ಮಾಡಲು ಕೇಳಿ.

ಅಲರ್ಜಿಯ ಪರೀಕ್ಷೆಯೂ ಆಗಲಿ. ಕಿವಿಯ ಹಿಂದೆ ಸ್ವಲ್ಪ ಬಣ್ಣ ಹಚ್ಚಿಸಿಕೊಂಡು 48 ಗಂಟೆ ಕಾಯಿರಿ. ತುರಿಕೆ, ಬಾವು ಬಂದರೆ ಆ ಬಣ್ಣ ಬೇಡವೇ ಬೇಡ. ಹತ್ತು ವರ್ಷ ಏನೂ ಆಗದಿದ್ದವರಿಗೂ ಹನ್ನೊಂದನೆಯ ವರ್ಷ ಅಲರ್ಜಿ ಹುಟ್ಟಬಹುದು. ಅಮೋನಿಯಾ ಇಲ್ಲ ಎಂದು ಡಬ್ಬಿಯ ಮೇಲೆ ಬರೆದ ಮಾತ್ರಕ್ಕೆ ಅಲರ್ಜಿ ತರುವ ಪಿಪಿಡಿ ಇಲ್ಲವೆಂದು ತಿಳಿಯಬೇಡಿ.

ಬಣ್ಣ ಮುಗಿದ ಮೇಲೆ ಪಾರ್ಲರಿನ ದೀಪದಡಿ ನೋಡಿ ಒಪ್ಪಿಕೊಳ್ಳದೆ, ಕೈಗನ್ನಡಿ ಹಿಡಿದು ಬಾಗಿಲಿನ ಬೆಳಕಿಗೆ ಬಂದು ನೋಡಿ. ಒಂದು ಸಲದ ಖರ್ಚು ಈಗಿನದಕ್ಕಿಂತ ಹೆಚ್ಚೇ ಆಗುತ್ತದೆ. ಆದರೆ ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17 ಭಾನುವಾರ. ಹತ್ತು ಹನ್ನೆರಡು ವಾರಕ್ಕೊಮ್ಮೆ ಎಂದರೆ ನಾಲ್ಕೈದು.

ಪ್ರಶ್ನೆ: ನಾನು ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುತ್ತೇನೆ, 28 ವರ್ಷ. ನರೆ ಇಲ್ಲ, ಈವರೆಗೆ ಬಣ್ಣವನ್ನೂ ಹಾಕಿಸಿಲ್ಲ. ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಅಣ್ಣನ ಮದುವೆ. ಕೂದಲಿಗೆ ಸ್ವಲ್ಪ ಕಂದಿನ ಹೊಳಪು ಬೇಕು, ಮದುವೆ ಮುಗಿದ ಮೇಲೆ ಅದರ ಹಿಂದೆ ಬೀಳಲು ಸಮಯವಿಲ್ಲ.
— ಓದುಗರೊಬ್ಬರು, ವಾಕಡ್

ಉತ್ತರ: ನಿಮಗೆ ಬಾಲೆಯಾಜ್ ಒಪ್ಪುತ್ತದೆ. ಫ್ರೆಂಚಿನಲ್ಲಿ ಆ ಪದಕ್ಕೆ ಗುಡಿಸುವುದು ಎಂದು ಅರ್ಥ. ಬ್ರಷ್ಷನ್ನು ಪೊರಕೆಯಂತೆ ಮೇಲಿನಿಂದ ಕೆಳಕ್ಕೆ ಹಗುರಾಗಿ ಎಳೆಯುತ್ತ, ತುದಿಗೆ ಬಂದಂತೆ ಬಣ್ಣವನ್ನು ಒತ್ತಾಗಿಸುತ್ತಾರೆ. ಬುಡ ನಿಮ್ಮದೇ ಬಣ್ಣದಲ್ಲಿ ಉಳಿಯುವುದರಿಂದ ಆರು ತಿಂಗಳು ಆ ಕಡೆ ತಲೆ ಹಾಕದಿದ್ದರೂ ನಡೆಯುತ್ತದೆ. ಬಣ್ಣ ಕಿವಿಯ ಮಟ್ಟಕ್ಕಿಂತ ಕೆಳಗೆ ಆರಂಭವಾಗಲಿ, ನಿಮ್ಮ ಹುಟ್ಟುಬಣ್ಣಕ್ಕಿಂತ ಎರಡು ಮೆಟ್ಟಿಲಿನಷ್ಟೇ ತಿಳಿಯಾಗಲಿ. ಹಿಂದೆ ಬಣ್ಣ ಕಾಣದ ಕೂದಲನ್ನು ಅಷ್ಟು ತಿಳಿಯಾಗಿಸಲು ಶೇಕಡಾ 6ರಷ್ಟು ಪೆರಾಕ್ಸೈಡ್ ಇರುವ ಡೆವಲಪರ್ ಬೆರೆಸಿದ ಬಣ್ಣವೇ ಸಾಮಾನ್ಯವಾಗಿ ಸಾಕಾಗುತ್ತದೆ, ಬ್ಲೀಚ್ ಬೇಕಾಗುವುದಿಲ್ಲ. ಮದುವೆಗೆ ಮೂರು ವಾರ ಮೊದಲೇ ಮಾಡಿಸಿ. ಒಂದೆರಡು ತಲೆಸ್ನಾನದ ನಂತರವೇ ಬಣ್ಣ ಹದಕ್ಕೆ ಬರುತ್ತದೆ, ಹಿಡಿಸದಿದ್ದರೆ ತಿದ್ದಿಸಲೂ ಕಾಲಾವಕಾಶ ಇರುತ್ತದೆ. ನಿಮ್ಮ ಸೊಸೈಟಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುತ್ತಿದ್ದರೆ ಗಡಸು ನೀರಿನ ಸುಣ್ಣ ಕೂತು ಬಣ್ಣ ಮಂಕಾಗುವುದರಿಂದ ಕೊನೆಯ ಒಂದು ಚೆಂಬನ್ನಾದರೂ ಶುದ್ಧೀಕರಿಸಿದ ನೀರಿನಲ್ಲಿ ಹಾಕಿಕೊಳ್ಳಿ.

ಪ್ರಶ್ನೆ: 52 ವರ್ಷದ ಗಂಡಸರಿಗೂ ಇಲ್ಲಿ ಉತ್ತರ ಸಿಗುತ್ತದೆಯೇ? ಕೆನ್ನೆಯ ಪಕ್ಕದ ನರೆಗೆ ಕಪ್ಪು ಹಚ್ಚಿದರೆ ಶಾಯಿ ಬಳಿದಂತೆ ಕಾಣುತ್ತದೆ. ವಾರದಲ್ಲಿ ನಾಲ್ಕು ದಿನ ಈಜುತ್ತೇನೆ.
— ಓದುಗರೊಬ್ಬರು, ಮಡಗಾಂವ್

ಉತ್ತರ: ಖಂಡಿತ ಸಿಗುತ್ತದೆ. ಸಲೂನಿನಲ್ಲಿ ಗ್ರೇ ಬ್ಲೆಂಡಿಂಗ್ ಎಂದು ಕೇಳಿ. 4 ಅಥವಾ 5ರ ಡೆಮಿ ಬಣ್ಣವನ್ನು ಐದರಿಂದ ಹತ್ತು ನಿಮಿಷ ಮಾತ್ರ ಇಟ್ಟು ತೊಳೆಯುತ್ತಾರೆ. ಅರ್ಧದಷ್ಟು ನರೆ ಉಳಿದು ಉಪ್ಪು ಮೆಣಸು ಬೆರೆತಂತೆ ಕಾಣುತ್ತದೆ, ನಿಮ್ಮ ವಯಸ್ಸಿಗೆ ಅದೇ ಚೆಂದ. ಕ್ಲೋರಿನ್ನೂ ಸಮುದ್ರದ ಉಪ್ಪೂ ಬಣ್ಣವನ್ನು ಬೇಗ ಎಳೆದುಬಿಡುತ್ತವೆ. ನೀರಿಗಿಳಿಯುವ ಮೊದಲು ಕೂದಲನ್ನು ನಲ್ಲಿನೀರಿನಲ್ಲಿ ಚೆನ್ನಾಗಿ ತೋಯಿಸಿ ಎರಡು ಹನಿ ತೆಂಗಿನೆಣ್ಣೆ ಸವರಿಕೊಂಡರೆ ಆ ನೀರು ಒಳಗೆ ಇಳಿಯುವುದು ಕಡಿಮೆಯಾಗುತ್ತದೆ. ತಲೆಯ ಬಣ್ಣವನ್ನು ಹುಬ್ಬಿಗೆ ಮಾತ್ರ ಎಂದಿಗೂ ಹಚ್ಚಬೇಡಿ, ಅದು ಕಣ್ಣಿಗೆ ಅಪಾಯ.