ಕತ್ತಲೆಕಾನಿನ ಗೇರು: ಸಸಿ ಕೇಳುವ ಮುಂಚೆ ಜಡ್ಡಿ ನೋಡಿ

ಪ್ರಶ್ನೆ: ಸಿದ್ದಾಪುರದ ಕಡೆ ನಮ್ಮ ಅಡಿಕೆ ತೋಟವಿದೆ. ಅಳಿವಿನಂಚಿನಲ್ಲಿರುವ ಕತ್ತಲೆಕಾನಿನ ಗೇರನ್ನು ಉಳಿಸುವ ಆಸೆ. ಬೇಲಿಯ ಬದಿಗೆ ನೆಡಲು ಒಂದು ಸಸಿ ಎಲ್ಲಿ ಸಿಗುತ್ತದೆ?

ಉತ್ತರ: ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ, ಅದೂ ‘ಒಂದು ಸಸಿ’ ಅಂತಲೇ. ಒಂದರಿಂದ ಏನೂ ಆಗುವುದಿಲ್ಲ. ಕತ್ತಲೆಕಾನಿನ ಗೇರಿನಲ್ಲಿ (ವೈಜ್ಞಾನಿಕ ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್) ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸಸಿ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ, ಹೂ ಬಿಡುವವರೆಗೆ ಕಾಯಬೇಕು.

ಇನ್ನು ಬೇಲಿಯ ಬದಿ ಅಂತೀರಿ. ಈ ಮರಕ್ಕೆ ಬೇಕಾದದ್ದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳಿರುವ ಕಾಡಿನ ಜೌಗು. ಬೇಸಿಗೆಯಲ್ಲೂ ನೀರು ಜಿನುಗಬೇಕು, ಕಾಲಿಟ್ಟರೆ ಕೆಸರಲ್ಲಿ ಹೂತುಹೋಗಬೇಕು. ಅಲ್ಲಿ ರಾಮಪತ್ರೆ ಜಾತಿಯ ಬೇರುಗಳೇ ಉಸಿರಿಗಾಗಿ ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದಿರುತ್ತವೆ. ಅಂಥ ಜಡ್ಡಿಗಳನ್ನು ತಲೆಮಾರುಗಳಿಂದ ಗದ್ದೆ, ತೋಟ ಮಾಡಿಕೊಂಡು ಬಂದಿದ್ದೇವೆ. ಈ ಮರಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 2000ದಲ್ಲಿ. ಅಷ್ಟು ಹೊತ್ತಿಗೆ ಉಳಿದಿದ್ದವು ಬೆರಳೆಣಿಕೆಯ ಜಡ್ಡಿಗಳು. ಬೀಜ ಕೂಡಿಟ್ಟು ಮುಂದೆ ನೋಡೋಣ ಅನ್ನುವಂತೆಯೂ ಇಲ್ಲ. ರಾಗಿ, ಭತ್ತದ ಹಾಗೆ ಒಣಗಿಸಿಟ್ಟರೆ ಇದರ ಬೀಜ ಸತ್ತೇ ಹೋಗುತ್ತದೆ.

ಹಾಗಾಗಿ ಮೊದಲು ತೋಟದ ಮೇಲ್ಭಾಗಕ್ಕೆ ಹೋಗಿ ನೋಡಿ. ಜಡ್ಡಿ ಇದ್ದರೆ ನಿಮ್ಮ ಕೆಲಸ ಅಲ್ಲೇ ಇದೆ. ಅದರ ನೀರಿಗೆ ಪೈಪ್ ಹಾಕಬೇಡಿ. ಕಾಲುವೆ ತೋಡಿ ಬಸಿಯಬೇಡಿ. ಗೊಬ್ಬರಕ್ಕೆಂದು ಅಲ್ಲಿನ ದರಕು (ಉದುರಿದ ಒಣ ಎಲೆ) ಗುಡಿಸಬೇಡಿ, ಬಿದ್ದ ಬೀಜ ಮೊಳೆಯುವುದು ಅದರ ಅಡಿಯಲ್ಲೇ. ಇಷ್ಟು ಮಾಡಿದ ಮೇಲೆ ಸಸಿ ಬೇಕೆನಿಸಿದರೆ ಶಿರಸಿಯ ಅರಣ್ಯ ಕಾಲೇಜಿನಲ್ಲಿ ವಿಚಾರಿಸಿ, ಅಲ್ಲಿನವರು ಈ ಮರದ ಮೇಲೆ ಕೆಲಸ ಮಾಡಿದ್ದಾರೆ. ನೆಟ್ಟರೆ ಜಡ್ಡಿಯ ಅಂಚಿನಲ್ಲಿ, ಗುಂಪಾಗಿ ನೆಡಿ. ಕಾಡಿನಿಂದ ಸಸಿ ಕಿತ್ತು ತರುವುದು ಮಾತ್ರ ಬೇಡವೇ ಬೇಡ. ಪ್ರೀತಿಯಿಂದ ಕಿತ್ತರೂ ಅದು ಕಳವೇ. ಈ ಮರಕ್ಕೆ ಹೆಸರು ಕೊಟ್ಟ ಕತ್ತಲೆಕಾನು ಕಾಡು 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದೊಳಗಿತ್ತು, 2019ರಲ್ಲಿ ಆ ಪ್ರದೇಶವನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಲಾಯಿತು.

ಪ್ರಶ್ನೆ: ಮರ ಇರುವ ಜಾಗದ ಲೊಕೇಶನ್ ಕಳಿಸುತ್ತೀರಾ? ಫೋಟೊ ತೆಗೆಯಬೇಕಿತ್ತು.

ಉತ್ತರ: ಇಲ್ಲ.

ಪ್ರಶ್ನೆ: ಇದರ ಕಾಯಿ ಕ್ಯಾನ್ಸರ್‌ಗೆ ಮದ್ದಂತೆ, ನಿಜವೇ?

ಉತ್ತರ: ಸುಳ್ಳು. ಅದೇ ಕುಲದ ಕರಿಗೇರಿಗೆ ಆಯುರ್ವೇದದಲ್ಲಿ ಬಳಕೆಯಿದೆ. ಅದನ್ನೇ ಹಿಡಿದು ಸುಮ್ನೆ ಇದಕ್ಕೂ ಅಂಟಿಸಿ, ರೋಗಿಗಳ ಹೆದರಿಕೆಯಲ್ಲಿ ದುಡ್ಡು ಮಾಡುವವರಿದ್ದಾರೆ. ಕರಿಗೇರಿನ ಸೊನೆ ತಾಗಿದರೇ ಮೈ ಬೊಬ್ಬೆ ಏಳುತ್ತದೆ, ಅಂಥದ್ದರ ಹತ್ತಿರದ ಸಂಬಂಧಿಯ ಕಾಯಿಯನ್ನು ಯಾರೋ ಹೇಳಿದರೆಂದು ಅರೆದು ಕುಡಿಯುವುದೇ? ಕ್ಯಾನ್ಸರ್ ಇದ್ದವರು ಆಸ್ಪತ್ರೆಗೆ ಹೋಗಿ, ಈಗಲೇ.